ಡರ್ಟ್ ಬೈಕ್ ಏರ್ ಫಿಲ್ಟರ್ ಯಾವಾಗ ತೊಳೆಯಬೇಕು, ಯಾವಾಗ ಬಿಸಾಡಬೇಕು? ಪುಣೆಯ ಕನ್ನಡ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಹತ್ತು ಹನ್ನೆರಡು ಜನ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕುಂದಾಪುರ, ಹೀಗೆ ಬೇರೆ ಬೇರೆ ಊರಿನವರು. ಈಗ ಎಲ್ಲರ ಅನ್ನ ಹಿಂಜವಡಿ, ಚಾಕಣ, ಕೋಥರೂಡ್ ಕಡೆ. ಭಾನುವಾರ ಬೆಳಕು ಹರಿಯುವ ಮುಂಚೆ ಸಾಸ್ವಡ್ ಕಡೆಗೋ ಮುಳಶಿ ಕಡೆಗೋ ಮಣ್ಣು ದಾರಿಯಲ್ಲಿ ಬೈಕ್ ಓಡಿಸುತ್ತೇವೆ. ಹತ್ತು ಗಂಟೆಗೆ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಇಡ್ಲಿ ಮುಂದೆ ಕೂತು ಬೈಕಿನ ಕಷ್ಟಸುಖ ಮಾತಾಡುತ್ತೇವೆ. 2024ರ ಜನವರಿಯಲ್ಲಿ ಇಲ್ಲಿನ ಬಾಲೆವಾಡಿ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗಿನ ಮೊದಲ ಸುತ್ತು ನಡೆಯಿತಲ್ಲ, ಮಣ್ಣಿನ ದಿಬ್ಬಗಳ ಮೇಲೆ ಬೈಕ್ ಹಾರಿಸುವ ಪಂದ್ಯ, ಅದನ್ನು ನೋಡಿ ಬಂದ ಮೇಲೆ ಗುಂಪಿಗೆ ಹೊಸಬರು ಸೇರಿದರು. ಹೊಸಬರ ಜೊತೆ ಹಳೆಯ ಪ್ರಶ್ನೆಗಳೂ ಬಂದವು. ಅದರಲ್ಲಿ ಅರ್ಧಕ್ಕರ್ಧ, ಎಂಜಿನ್ನಿಗೆ ಹೋಗುವ ಗಾಳಿಯ ಧೂಳು ತಡೆಯುವ ಏರ್ ಫಿಲ್ಟರಿನದ್ದೇ. ಒಂದೊಂದು ಸಲ ಒಬ್ಬೊಬ್ಬರಿಗೆ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಒಂದು ಎಂಜಿನ್ ಹಾಳು ಮಾಡಿಕೊಂಡು ಕಲಿತವನು.

ಎಷ್ಟು ಕಿಲೋಮೀಟರಿಗೆ ಒಮ್ಮೆ ಫಿಲ್ಟರ್ ತೊಳೆಯಬೇಕು?

ಕಿಲೋಮೀಟರ್ ಲೆಕ್ಕ ಬಿಡಿ. ಮಾನ್ಯುವಲ್‌ನಲ್ಲಿ ಬರೆದಿರುವ ಸಂಖ್ಯೆ ಹೆಚ್ಚಾಗಿ ಡಾಂಬರು ರಸ್ತೆಗೆ. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ಧೂಳಿನ ಜಾಗದಲ್ಲಿ ಇನ್ನೂ ಬೇಗ' ಅಂತ ಬರೆದಿರುತ್ತಾರೆ. ನಮಗೆ ಬೇಕಿರುವುದು ಆ ಸಣ್ಣ ಅಕ್ಷರವೇ.

ಮಾರ್ಚ್ ತಿಂಗಳಲ್ಲಿ ಸಾಸ್ವಡ್ ಆಚೆ, ಎಂಟು ಬೈಕುಗಳ ಸಾಲಿನಲ್ಲಿ ಕೊನೆಯವರಾಗಿ 30 ಕಿಲೋಮೀಟರ್ ಹೋಗಿದ್ದೀರಿ ಅಂದುಕೊಳ್ಳಿ. ಮುಂದಿನ ಏಳು ಜನ ಎಬ್ಬಿಸಿದ ಧೂಳೆಲ್ಲ ನಿಮ್ಮ ಫಿಲ್ಟರಿನಲ್ಲೇ. ಅದೇ ದಿನ ಎಲ್ಲರಿಗಿಂತ ಮುಂದೆ ಹೋದವನ ಫಿಲ್ಟರ್ ನೋಡಿದರೆ ಇನ್ನೊಂದು ರೈಡಿಗೆ ಆಗುವಷ್ಟು ಚೆನ್ನಾಗಿರುತ್ತದೆ. ದಾರಿ ಒಂದೇ, ಕಿಲೋಮೀಟರೂ ಒಂದೇ.

ಒಂದು ಅಂದಾಜು ಬೇಕೇ ಬೇಕು ಅಂದರೆ: ಫೋಮ್ (ಸ್ಪಂಜಿನ) ಫಿಲ್ಟರ್ ಇರುವ ಬೈಕಿನಲ್ಲಿ ಬೇಸಿಗೆಯ ಧೂಳಿನಲ್ಲಿ ಹೋದರೆ ಪ್ರತಿ ರೈಡಿಗೂ ತೊಳೆದದ್ದನ್ನು ಹಾಕಿ. ಮೊದಲ ಮಳೆ ಬಿದ್ದು ಮಣ್ಣು ಹಸಿಯಾಗಿದ್ದರೆ ಎರಡು ಮೂರು ರೈಡಿಗೊಮ್ಮೆ ಸಾಕು. ಆದರೆ ಪ್ರತಿ ರೈಡ್ ಆದ ಮೇಲೂ ತೆಗೆದು ನೋಡಬೇಕು. ಕಾಗದದ ಫಿಲ್ಟರಿನ ಕತೆ ಪೂರ್ತಿ ಬೇರೆ, ಕೆಳಗೆ ಹೇಳುತ್ತೇನೆ.

ನನ್ನ ಬೈಕಿನದು ಯಾವ ಫಿಲ್ಟರ್ ಅಂತ ಹೇಗೆ ಗೊತ್ತಾಗುತ್ತೆ?

ತೆಗೆದು ಮುಟ್ಟಿ. ಸ್ಪಂಜಿನ ಹಾಗೆ ಮೆತ್ತಗಿದ್ದು ಕೈಗೆ ಎಣ್ಣೆ ಅಂಟಿದರೆ ಫೋಮ್. ಕೆಟಿಎಂನ ಮೋಟೋಕ್ರಾಸ್ ಬೈಕುಗಳು, ಕವಾಸಾಕಿಯ ಕೆಎಕ್ಸ್ ಸರಣಿ, ಇಂಥ ಅಪ್ಪಟ ಡರ್ಟ್ ಬೈಕುಗಳಲ್ಲಿ ಇರುವುದು ಇದು. ಸಾಮಾನ್ಯವಾಗಿ ಎರಡು ಪದರ. ಹೊರಗಿನದು ಒರಟು, ಒಳಗಿನದು ನಯ.

ಬೀಸಣಿಗೆ ಥರ ಮಡಿಕೆ ಮಡಿಕೆಯಾಗಿದ್ದರೆ ಕಾಗದ. ನಮ್ಮ ಗುಂಪಿನ ಹೀರೋ ಎಕ್ಸ್‌ಪಲ್ಸ್‌ಗಳಲ್ಲೂ ಹಳೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಲ್ಲೂ ಇರುವುದು ಕಾಗದವೇ. ಇದರಲ್ಲೂ ಎರಡು ಬಗೆ. ಒಂದು ಪೂರ್ತಿ ಒಣ ಕಾಗದ. ಇನ್ನೊಂದು ಕಾರ್ಖಾನೆಯಲ್ಲೇ ಎಣ್ಣೆ ಕುಡಿಸಿದ ಕಾಗದ, ಮುಟ್ಟಿದರೆ ಸ್ವಲ್ಪ ಜಿಡ್ಡು ಜಿಡ್ಡು. ಯಾವುದು ಅಂತ ಮಾನ್ಯುವಲ್ ನೋಡಿ ಖಚಿತ ಮಾಡಿಕೊಳ್ಳಿ, ಯಾಕಂದರೆ ಎರಡನೆಯದಕ್ಕೆ ಗಾಳಿ ಹೊಡೆಯುವ ಹಾಗೇ ಇಲ್ಲ.

ಬೈಕ್ ಚೆನ್ನಾಗೇ ಓಡ್ತಿದೆಯಲ್ಲ, ಸುಮ್ನೆ ಯಾಕೆ ತೆಗೀಬೇಕು?

ಹೆಚ್ಚು ಜನ ಎಡವುವುದು ಇಲ್ಲೇ. ಫಿಲ್ಟರ್ ಕೊಳೆಯಾದರೆ ಬೈಕ್ ಉಸಿರುಗಟ್ಟಿ ಹೇಳುತ್ತದೆ, ಆಗ ನೋಡೋಣ ಅಂತ ಕಾಯುತ್ತಾರೆ. ಕಾಗದದ ಫಿಲ್ಟರಿನಲ್ಲಿ ಹಾಗೆ ಆಗುವುದುಂಟು. ಮೇಲಿನ ಆರ್‌ಪಿಎಂನಲ್ಲಿ ಎಳೆತ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಕಾರ್ಬ್ಯುರೇಟರ್ ಬೈಕಾದರೆ ಸ್ಪಾರ್ಕ್ ಪ್ಲಗ್ ಕಾಡಿಗೆ ಥರ ಕಪ್ಪಾಗುತ್ತದೆ. ಇಂಜೆಕ್ಷನ್ ಬೈಕುಗಳಲ್ಲಿ ಪೆಟ್ರೋಲ್ ಅಳೆದು ಬಿಡುವ ಕಂಪ್ಯೂಟರ್ ಅಷ್ಟಿಷ್ಟು ಸರಿದೂಗಿಸಿಬಿಡುತ್ತದೆ. ಹಾಗಾಗಿ ನಿಮಗೆ ತಿಳಿಯುವುದು ಇನ್ನೂ ತಡ.

ಫೋಮ್ ಫಿಲ್ಟರ್ ಬೇರೆ ರೀತಿ ಕೈ ಕೊಡುತ್ತದೆ. ಅದರಲ್ಲಿ ಧೂಳನ್ನು ಹಿಡಿಯುವುದು ಸ್ಪಂಜಲ್ಲ, ಸ್ಪಂಜಿಗೆ ಹಚ್ಚಿದ ಅಂಟು ಎಣ್ಣೆ. ಎಣ್ಣೆಯೆಲ್ಲ ಧೂಳಿನಲ್ಲಿ ಕಲಸಿ ಹೋದ ಮೇಲೆ ಹೊಸ ಧೂಳಿಗೆ ಅಂಟಿಕೊಳ್ಳಲು ಜಾಗ ಇಲ್ಲ. ಆಗ ಅದು ಮೆಲ್ಲಗೆ ಒಳಗೆ ನಡೆಯುತ್ತದೆ. ಬೈಕ್ ಮಾತ್ರ ಏನೂ ಆಗದ ಹಾಗೆ ಓಡುತ್ತಿರುತ್ತದೆ. ಗಾಳಿ ಸಲೀಸಾಗಿ ಹೋಗುತ್ತಿದೆ ಅನ್ನುವುದೇ ಮೋಸ.

ಎಷ್ಟು ಗಾಳಿ ಅಂತ ಒಂದು ಲೆಕ್ಕ ನೋಡಿ. 250 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 8,000 ಆರ್‌ಪಿಎಂ ತಿರುಗುತ್ತಿದ್ದರೆ ನಿಮಿಷಕ್ಕೆ 4,000 ಸಲ ಉಸಿರು ಎಳೆಯುತ್ತದೆ. ಒಂದು ಉಸಿರಿಗೆ ಕಾಲು ಲೀಟರ್. ಅಂದರೆ ನಿಮಿಷಕ್ಕೆ ಹೆಚ್ಚು ಕಡಿಮೆ 1,000 ಲೀಟರ್. ಮನೆ ಮೇಲಿನ ನೀರಿನ ಟ್ಯಾಂಕ್ ಇದೆಯಲ್ಲ, ಅಷ್ಟು ಗಾಳಿ, ನಿಮಿಷಕ್ಕೊಂದು ಟ್ಯಾಂಕ್. ಅದರ ಜೊತೆ ಬರುವ ಮಣ್ಣಿಗೆ ಅಡ್ಡ ನಿಂತಿರುವುದು ಬೆರಳು ದಪ್ಪದ ಸ್ಪಂಜು ಮಾತ್ರ.

ತೆಗೆದು ನೋಡಿದೆ. ಕೊಳೆಯಾಗಿದೆ. ಈಗ ತೊಳೆಯಬೇಕೋ ಬೇಡವೋ ಹೇಗೆ ತೀರ್ಮಾನ ಮಾಡಲಿ?

ಹೊರಗಡೆ ಕೊಳೆಯಾಗಿರುವುದು ತಪ್ಪಲ್ಲ. ಅದರ ಕೆಲಸವೇ ಅದು. ಮೂರು ಜಾಗ ನೋಡಿ.

ಮೊದಲು ಹೊರ ಮೈ. ಬೆರಳಿನಿಂದ ಒತ್ತಿ. ಬೆರಳಿಗೆ ಎಣ್ಣೆಯ ಬಣ್ಣ, ಅಂಟು ಹತ್ತಿದರೆ ಇನ್ನೂ ಜೀವ ಇದೆ. ಒಣ ಧೂಳು, ಗಿರಣಿಯ ಹಿಟ್ಟಿನ ಥರ ಉದುರಿದರೆ ತೊಳೆಯುವ ಹೊತ್ತು ಬಂದಿದೆ. ಫಿಲ್ಟರ್ ಎಣ್ಣೆಗೆ ಕೆಂಪು, ನೀಲಿ, ಹಸಿರು ಬಣ್ಣ ಹಾಕಿರುವುದೇ ಇದಕ್ಕೆ. ಆ ಬಣ್ಣ ಎಲ್ಲೂ ಕಾಣದೆ ಪೂರ್ತಿ ಮಣ್ಣಿನ ಬಣ್ಣವೇ ಆಗಿದ್ದರೆ ಯೋಚನೆ ಬೇಡ, ತೊಳೆಯಿರಿ.

ಆಮೇಲೆ ಒಳ ಪದರ. ಫಿಲ್ಟರನ್ನು ಸ್ವಲ್ಪ ಹೊರಳಿಸಿ ಒಳಗಿನ ನಯ ಫೋಮ್ ನೋಡಿ. ಅಲ್ಲಿಗೂ ಮಣ್ಣಿನ ಬಣ್ಣ ಬಂದಿದ್ದರೆ ನೀವು ಒಂದು ರೈಡ್ ತಡ ಮಾಡಿದ್ದೀರಿ. ಮುಂದಿನ ಸಲ ಅದಕ್ಕೂ ಮೊದಲೇ ತೆಗೆಯಿರಿ. ನಿಮ್ಮ ದಾರಿ, ನಿಮ್ಮ ಬೈಕಿಗೆ ಎಷ್ಟು ದಿನ ಅಂತ ಹೀಗೆ ಮೂರ್ನಾಲ್ಕು ಸಲ ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಯಾವ ಮಾನ್ಯುವಲ್ಲೂ ಅದನ್ನು ಹೇಳಲಾರದು.

ಮೂರನೆಯದೇ ನಿಜವಾದ ಪರೀಕ್ಷೆ. ಫಿಲ್ಟರ್ ಕೂರುವ ಜಾಗದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬಟ್ಟೆ ಬಿಳಿಯಾಗೇ ಬಂದರೆ, ಅಥವಾ ತುಸು ಎಣ್ಣೆ ಮಾತ್ರ ಹತ್ತಿದರೆ, ನೆಮ್ಮದಿಯಿಂದ ಇರಿ. ಮಣ್ಣಿನ ಬಣ್ಣ ಬಂದರೆ, ಬೆರಳಿಗೆ ಮರಳಿನ ಕಿರಿಕಿರಿ ಸಿಕ್ಕರೆ, ಬೈಕ್ ಸ್ಟಾರ್ಟ್ ಮಾಡಬೇಡಿ. ಫಿಲ್ಟರ್ ಎಷ್ಟೇ ಚೆನ್ನಾಗಿ ಕಂಡರೂ ಎಲ್ಲೋ ಸೋರುತ್ತಿದೆ. ಫಿಲ್ಟರಿನ ಅಂಚು ನೋಡಿ. ಸೋರುವ ಕಡೆ ಸಾಮಾನ್ಯವಾಗಿ ಅಂಚಿಗೆ ಅಡ್ಡವಾಗಿ ಒಂದು ಧೂಳಿನ ಗೆರೆ ಎದ್ದು ಕಾಣುತ್ತದೆ. ಇರುವೆ ಸಾಲಿನ ಹಾಗೆ.

ಒಳಗೆ ಸ್ವಲ್ಪ ಧೂಳು ಹೋದರೆ ಏನು ಮಹಾ ಆಗುತ್ತೆ?

ಪಿಸ್ಟನ್ ರಿಂಗೂ ಸಿಲಿಂಡರೂ ಉಜ್ಜುವ ಜಾಗದಲ್ಲಿ ಎಣ್ಣೆಯ ತೆಳು ಪದರ ಇರುತ್ತದೆ. ಮಣ್ಣಿನ ಕಣ ಅಲ್ಲಿ ಸೇರಿದರೆ ಆ ಎಣ್ಣೆ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ರಿಂಗ್ ಸವೆಯುತ್ತದೆ, ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ, ಇಳಿಯುತ್ತದೆ. ಗಾಳಿ ಒಳಗೆ ಬರುವ ವಾಲ್ವ್ ಕೂರುವ ಸೀಟೂ ಸವೆಯುತ್ತದೆ. ವಾಲ್ವ್ ಒಳಕ್ಕೆ ಇಳಿದು ಅದರ ಕ್ಲಿಯರೆನ್ಸ್, ಅಂದರೆ ಅದಕ್ಕೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಂದು, ಕಡಿಮೆಯಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಶುರು. ಒಂದೇ ತಿಂಗಳಲ್ಲಿ ಎರಡು ಸಲ ಇನ್‌ಟೇಕ್ ವಾಲ್ವ್ ಕ್ಲಿಯರೆನ್ಸ್ ಸರಿ ಮಾಡಬೇಕಾಗಿ ಬಂದರೆ ಫಿಲ್ಟರಿನ ಮೇಲೆ ಅನುಮಾನ ಪಡಿ. ಎಕ್ಸಾಸ್ಟಿನಿಂದ ನೀಲಿ ಹೊಗೆ ಬರುವ ಹೊತ್ತಿಗೆ ಕತೆ ಮುಗಿದಿರುತ್ತದೆ.

ನನ್ನ ಕತೆ ಇದೇ. ಎರಡನೇ ಕೈಯ ಡರ್ಟ್ ಬೈಕ್ ತಗೊಂಡು ವಾಘೋಲಿ ಕಡೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಸರ್ವಿಸಿಗೆ ಬಿಟ್ಟಿದ್ದೆ. ಆತ ಫಿಲ್ಟರ್ ತೊಳೆದಿದ್ದ, ಎಣ್ಣೆ ಹಚ್ಚಿದ್ದ, ಎಲ್ಲ ಸರಿ. ಆದರೆ ವಾಪಸ್ ಕೂರಿಸುವಾಗ ಒಂದು ಮೂಲೆ ಮಡಚಿಕೊಂಡಿತ್ತು. ಒಂದು ರೂಪಾಯಿ ನಾಣ್ಯದಷ್ಟೂ ಇರಲಿಲ್ಲ ಆ ಸಂದು. ತಪ್ಪು ಆತನದ್ದು ಮಾತ್ರ ಅಂತ ಹೇಳಲಾರೆ, ನಾನೂ ತೆಗೆದು ನೋಡಲಿಲ್ಲ. ಅಲ್ಲಿನ ಕಲ್ಲು ಕ್ವಾರಿಗಳ ಪಕ್ಕದ ದಾರಿಯಲ್ಲಿ ನಾಲ್ಕು ಭಾನುವಾರ ಓಡಿಸಿದೆ. ಐದನೆಯ ಭಾನುವಾರ ಕಿಕ್ ಹೊಡೆದರೆ ಕಾಲಿಗೆ ಭಾರವೇ ಇಲ್ಲ, ಸೈಕಲ್ ಪೆಡಲ್ ತುಳಿದ ಹಾಗೆ. ಪಿಸ್ಟನ್, ರಿಂಗ್, ಸಿಲಿಂಡರ್, ವಾಲ್ವ್ ಎಲ್ಲ ಹೊಸದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ನಾನು ಆನೆಯನ್ನೇ ಕೊಟ್ಟೆ.

ಪುಣೆಯ ಧೂಳಿಗೂ ನಮ್ಮ ಊರಿನ ಧೂಳಿಗೂ ವ್ಯತ್ಯಾಸ ಇದೆಯಾ?

ಇದೆ. ಒಂದೇ ಜಿಲ್ಲೆಯಲ್ಲೂ ಇದೆ. ಇಲ್ಲಿನ ನೆಲದ ಕೆಳಗೆ ಬೆಸಾಲ್ಟ್ ಎಂಬ ಕಪ್ಪು ಕಲ್ಲು. ಅದು ಸವೆದು ಆದದ್ದೇ ಕಪ್ಪು ಎರೆ ಮಣ್ಣು. ವಿಜಯಪುರ, ಧಾರವಾಡದವರಿಗೆ ಪರಿಚಯ ಹೇಳಬೇಕಿಲ್ಲ. ಒಣಗಿದಾಗ ಪೌಡರ್ ಥರ ನಯ, ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ, ಫಿಲ್ಟರಿನ ಒಳ ಪದರದವರೆಗೂ ನುಸುಳುತ್ತದೆ. ಇಲ್ಲಿನವರು ಮುರುಮ್ ಅನ್ನುವುದು, ನಾವು ಗರಸು ಅನ್ನುವುದು, ಸ್ವಲ್ಪ ದಪ್ಪ ಕಣ. ಹೊರ ಪದರದಲ್ಲೇ ನಿಲ್ಲುತ್ತದೆ, ನೋಡಲು ಭಯಂಕರ, ಆದರೆ ಅಷ್ಟು ಕೇಡಲ್ಲ. ನನಗೆ ಹೆಚ್ಚು ಭಯ ಕ್ರಷರ್ ಧೂಳಿನದ್ದು. ಆಗಷ್ಟೇ ಒಡೆದ ಕಲ್ಲಿನ ಪುಡಿ, ಅಂಚು ಇನ್ನೂ ಚೂಪು. ಟಿಪ್ಪರ್ ಓಡಾಡುವ ದಾರಿಯಲ್ಲಿ ಹೋಗಿ ಬಂದ ದಿನ ನಾನು ನೋಡುವುದೂ ಇಲ್ಲ, ನೇರ ತೊಳೆಯುತ್ತೇನೆ. ತಾಮ್ಹಿಣಿ ಘಾಟ್ ದಾಟಿ ಕೊಂಕಣದ ಕೆಂಪು ಮಣ್ಣಿಗೆ ಇಳಿದರೆ ಬಣ್ಣ ಬೇರೆ, ಲೆಕ್ಕ ಅದೇ.

ಫೋಮ್ ಫಿಲ್ಟರ್ ಯಾವುದರಲ್ಲಿ ತೊಳೆಯಬೇಕು? ಪೆಟ್ರೋಲ್ ಆಗಲ್ವಾ?

ಪೆಟ್ರೋಲ್ ಬೇಡ. ಮೊದಲನೆಯದು ಬೆಂಕಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ, ಪಕ್ಕದಲ್ಲೇ ಗೀಸರ್, ಅಡುಗೆಮನೆ. ಪೆಟ್ರೋಲಿನ ಆವಿ ನೆಲಕ್ಕೆ ಅಂಟಿಕೊಂಡು ಹರಿದು ಹೋಗಿ ಎಲ್ಲೋ ಹತ್ತಿಕೊಳ್ಳುತ್ತದೆ. ಎರಡನೆಯದು, ಅದು ಫೋಮಿನ ಪದರಗಳನ್ನು ಅಂಟಿಸಿರುವ ಗೋಂದನ್ನು ಸಡಿಲ ಮಾಡುತ್ತದೆ. ಪೇಂಟ್ ಥಿನ್ನರ್ ಇನ್ನೂ ಕೆಟ್ಟದ್ದು.

ಫಿಲ್ಟರ್ ತೊಳೆಯಲೆಂದೇ ಬರುವ ಕ್ಲೀನರ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಸೀಮೆಎಣ್ಣೆ. ಇಲ್ಲಿ ಅಂಗಡಿಯಲ್ಲಿ 'ರಾಕೆಲ್' ಅಂತ ಕೇಳಬೇಕು, ಆದರೂ ಈಗ ಸಿಗುವುದು ಕಷ್ಟ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಆದೀತು. ಇವೂ ಉರಿಯುವ ವಸ್ತುಗಳೇ, ಪೆಟ್ರೋಲಿನಷ್ಟು ಬೇಗ ಅಲ್ಲ ಅಷ್ಟೇ. ಬಯಲಲ್ಲಿ, ಕೈಗೆ ರಬ್ಬರ್ ಗ್ಲೋವ್ಸ್ ಹಾಕಿಕೊಂಡು ಮಾಡಿ.

ಬಕೆಟಿನಲ್ಲಿ ಮುಳುಗಿಸಿ ಅಂಗೈಯಲ್ಲಿ ಹಿಚುಕಿ, ಬಿಡಿ, ಹಿಚುಕಿ, ಬಿಡಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ, ಅಂಟಿಸಿದ ಜಾಗ ಬಿಡುತ್ತದೆ. ಹಳೆಯ ಎಣ್ಣೆ ಬಿಟ್ಟ ಮೇಲೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು. ನಲ್ಲಿ ನೀರನ್ನು ಒಳಗಿನಿಂದ ಹೊರಕ್ಕೆ ಹರಿಸಿ. ಹೊರಗಿನಿಂದ ಹರಿಸಿದರೆ ಹೊರಗಿದ್ದ ಮಣ್ಣನ್ನು ನೀವೇ ಒಳಗೆ ತಳ್ಳಿದ ಹಾಗೆ. ನೀರು ತಿಳಿಯಾಗುವವರೆಗೂ ಬಿಡಬೇಡಿ. ಆಮೇಲೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ, ಹೇರ್ ಡ್ರೈಯರಿಗೆ ಕೊಟ್ಟರೆ ಫೋಮ್ ಬೇಗ ಪುಡಿಯಾಗುತ್ತದೆ. ಪೂರ್ತಿ ಒಣಗಬೇಕು. ಒಳಗೆ ನೀರಿನ ಪಸೆ ಉಳಿದ ಕಡೆ ಎಣ್ಣೆ ಹಿಡಿಯುವುದಿಲ್ಲ. ಜುಲೈ ತಿಂಗಳ ಪುಣೆಯಲ್ಲಿ ಇದಕ್ಕೆ ಎರಡು ದಿನ ಬೇಕು. ಮನೆಯವರ ಬಟ್ಟೆಯ ಪಕ್ಕದಲ್ಲಿ ನೇತು ಹಾಕಿ ಬೈಸಿಕೊಳ್ಳಬೇಡಿ.

ಎಣ್ಣೆ ಹಚ್ಚುವುದಕ್ಕೆ ಎಂಜಿನ್ ಆಯಿಲ್ ಸಾಕಲ್ವಾ?

ಸಾಲದು. ಫೋಮ್ ಫಿಲ್ಟರ್ ಎಣ್ಣೆ ಹಲಸಿನ ಮೇಣದ ಹಾಗೆ ಅಂಟಂಟು, ಹಚ್ಚಿದಲ್ಲೇ ಕೂರುತ್ತದೆ. ಎಂಜಿನ್ ಆಯಿಲ್ ಒಂದು ರಾತ್ರಿ ಬಿಟ್ಟರೆ ಇಳಿದು ಕೆಳಗೆ ಸೇರುತ್ತದೆ. ಮೇಲ್ಭಾಗ ಒಣಗಿ ಧೂಳು ಬಿಡುತ್ತದೆ, ಕೆಳಭಾಗ ನೆಂದು ಗಾಳಿ ಬಿಡುವುದಿಲ್ಲ. ಕಾಡಿನ ಮಧ್ಯೆ ಬೇರೆ ದಾರಿ ಇಲ್ಲ ಅಂದಾಗ ಮನೆ ಮುಟ್ಟುವವರೆಗೆ ಪರವಾಗಿಲ್ಲ. ಒಬ್ಬ ಗೆಳೆಯ ಕೊಬ್ಬರಿ ಎಣ್ಣೆ ಹಚ್ಚಿದ್ದ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದು ಏನಾಗಿರುತ್ತದೆ ಅಂತ ನೀವೇ ಊಹಿಸಿ.

ಎಣ್ಣೆಯನ್ನು ಹೊರಗಿನಿಂದ ಸುರಿದು ಫೋಮಿನ ತುಂಬಾ ಹಿಚುಕಿ ಹರಡಿ. ಬಣ್ಣ ಎಲ್ಲ ಕಡೆ ಒಂದೇ ಸಮ ಕಾಣಬೇಕು. ಎಲ್ಲೋ ಬಿಳಿ ಚುಕ್ಕೆ ಉಳಿದರೆ ಅದು ಬಾಗಿಲು ತೆರೆದಿಟ್ಟ ಹಾಗೆ. ಹೆಚ್ಚಾದದ್ದನ್ನು ಹಿಚುಕಿ ತೆಗೆಯಿರಿ. ತೊಟ್ಟಿಕ್ಕುತ್ತಿದ್ದರೆ ಜಾಸ್ತಿಯಾಯಿತು, ಬೈಕ್ ಸ್ಟಾರ್ಟ್ ಆಗಲು ಹಠ ಮಾಡುತ್ತದೆ. ಹಚ್ಚಿದ ತಕ್ಷಣ ಹಾಕಬೇಡಿ. ಆ ಎಣ್ಣೆಯಲ್ಲಿ ತೆಳು ಮಾಡುವ ದ್ರವ ಸೇರಿಸಿರುತ್ತಾರೆ. ಅದು ಆರಿದ ಮೇಲೆಯೇ ಅಂಟು ಬರುವುದು. ನಾನು ಶುಕ್ರವಾರ ರಾತ್ರಿ ಹಚ್ಚಿ ಶನಿವಾರ ಸಂಜೆ ಹಾಕುತ್ತೇನೆ.

ಫಿಲ್ಟರ್ ಕೂರುವ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ. ನನ್ನ ಆನೆ ಹೋದದ್ದು ಈ ಅಂಚಿನಲ್ಲೇ, ಆದ್ದರಿಂದ ಎರಡು ಸಲ ಹೇಳುತ್ತೇನೆ: ಕೂರಿಸಿದ ಮೇಲೆ ಅಂಚಿನ ಸುತ್ತ ಬೆರಳು ಓಡಿಸಿ, ಕಾಣದ ಹಿಂಭಾಗಕ್ಕೂ ಓಡಿಸಿ.

ತೆಗೆಯುವಾಗ, ಹಾಕುವಾಗ ಧೂಳು ಒಳಗೆ ಬಿದ್ದರೆ?

ಬೀಳುತ್ತದೆ, ಅದಕ್ಕೇ ಮೊದಲು ಸೀಟಿನ ಸುತ್ತ, ಪ್ಯಾನೆಲ್ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿ. ಫಿಲ್ಟರನ್ನು ಅಲ್ಲಾಡಿಸದೆ ಮೆಲ್ಲಗೆ ಎಳೆಯಿರಿ. ತೆಗೆದ ಕೂಡಲೇ ಕೊಳವೆಯ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ, ಆಮೇಲೆ ಏರ್ ಬಾಕ್ಸ್, ಅಂದರೆ ಫಿಲ್ಟರ್ ಕೂರುವ ಪೆಟ್ಟಿಗೆ, ಒರೆಸಿ. ಬಟ್ಟೆ ಕಣ್ಣಿಗೆ ಹೊಡೆಯುವ ಬಣ್ಣದ್ದಾಗಿರಲಿ. ನಮ್ಮಲ್ಲೊಬ್ಬರು ಕಪ್ಪು ಬನಿಯನ್ ಚೂರು ತುರುಕಿ, ಅದನ್ನು ಮರೆತು ಫಿಲ್ಟರ್ ಹಾಕಿ, ಅರ್ಧ ಗಂಟೆ ಕಿಕ್ ಹೊಡೆದರು. ಪ್ಲಗ್ ಬದಲಾಯಿಸಿದರು. ಬೈದರು. ಕೊನೆಗೆ ಬನಿಯನ್ ಸಿಕ್ಕಿತು.

ಕಾಗದದ ಫಿಲ್ಟರಿಗೆ ಗ್ಯಾರೇಜಿನಲ್ಲಿ ಗಾಳಿ ಹೊಡೆಸಬಹುದಾ?

ಇಲ್ಲಿ ಎಲ್ಲಿ ಹೋದರೂ 'ಹವಾ ಮಾರೂ ಕಾ?' (ಗಾಳಿ ಹೊಡೆಯಲಾ?) ಅಂತ ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಹೊಡೆದೂ ಬಿಡುತ್ತಾರೆ. ಟೈರಿಗೆ ತುಂಬುವ ಒತ್ತಡದ ಗಾಳಿಯನ್ನು ಹತ್ತಿರದಿಂದ ಬಿಟ್ಟರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಫಿಲ್ಟರ್ ಹೊಸದರ ಹಾಗೆ ಬೆಳ್ಳಗೆ ಕಾಣುತ್ತದೆ, ಕೆಲಸಕ್ಕೆ ಮಾತ್ರ ಬರುವುದಿಲ್ಲ.

ಒಣ ಕಾಗದವಾದರೆ ಮೆಲ್ಲಗೆ ತಟ್ಟಿ ಉದುರಿಸಿ. ಗಾಳಿ ಕೊಡಲೇಬೇಕು ಅಂದರೆ ಕಡಿಮೆ ಒತ್ತಡ, ದೂರದಿಂದ, ಒಳಗಿನಿಂದ ಹೊರಕ್ಕೆ. ಎಣ್ಣೆ ಕುಡಿಸಿದ ಕಾಗದವಾದರೆ ಇದ್ಯಾವುದೂ ಬೇಡ. ಅದು ಕೊಳೆಯಾಗುವವರೆಗೆ ಬಳಸಿ, ಆಮೇಲೆ ಬದಲಾಯಿಸಿ. ಎರಡನ್ನೂ ನೀರಲ್ಲಿ ಮುಳುಗಿಸಬೇಡಿ.

ಫೋಮ್ ಫಿಲ್ಟರಿನವರು ಸೋಮಾರಿತನದಿಂದ ಕೆಡುತ್ತಾರೆ, ಕಾಗದದವರು ಅತಿ ಕಾಳಜಿಯಿಂದ ಕೆಡುತ್ತಾರೆ ಅನ್ನುವುದು ನನ್ನ ಅನುಭವ. ವಾರ ವಾರ ತೆಗೆದು, ತಟ್ಟಿ, ಊದಿ, ಹಾಕುತ್ತಾರೆ. ಪ್ರತಿ ಸಲ ತೆಗೆದಾಗಲೂ ರಬ್ಬರ್ ಅಂಚು ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಕಾಗದಕ್ಕೆ ತಿಂಗಳಿಗೊಮ್ಮೆ ನೋಡಿದರೆ ಸಾಕು, ಧೂಳಿನ ದೊಡ್ಡ ರೈಡ್ ಆದ ಮೇಲೆ ಒಮ್ಮೆ. ಮಡಿಕೆಗಳ ಸಂದಿ ಮುಚ್ಚಿದ್ದರೆ, ಕಾಗದ ಒದ್ದೆಯಾಗಿ ಸೊಟ್ಟಗಾಗಿದ್ದರೆ, ಎಂಜಿನ್ ಎಣ್ಣೆ ಹತ್ತಿದ್ದರೆ, ಬದಲಾಯಿಸಿ. ಬೆಳಕಿಗೆ ಹಿಡಿದು ನೋಡುವ ಪದ್ಧತಿಯಿಂದ ಹರಿದದ್ದು ಗೊತ್ತಾಗುತ್ತದೆ, ಸಣ್ಣ ತೂತು ಗೊತ್ತಾಗುವುದಿಲ್ಲ. ಅನುಮಾನ ಬಂದರೆ ಹೊಸದು ತನ್ನಿ. ಕೆಲವು ನೂರು ರೂಪಾಯಿಯ ಮಾತು.

ಫೋಮ್ ಫಿಲ್ಟರ್ ಎಷ್ಟು ಸಲ ತೊಳೆಯಬಹುದು? ಯಾವಾಗ ಬಿಸಾಡಬೇಕು?

ಇಷ್ಟೇ ಸಲ ಅಂತ ಇಲ್ಲ. ಪ್ರತಿ ಸಲ ತೊಳೆದು ಒಣಗಿದ ಮೇಲೆ, ಎಣ್ಣೆ ಹಚ್ಚುವ ಮುಂಚೆ ನೋಡಬೇಕು. ಎಣ್ಣೆ ಹಚ್ಚಿದ ಮೇಲೆ ಏನೂ ಕಾಣುವುದಿಲ್ಲ. ಹಿಚುಕಿ ಬಿಟ್ಟಾಗ ತಟ್ಟನೆ ಮೊದಲಿನ ಆಕಾರಕ್ಕೆ ಬರಬೇಕು. ಬರದೆ ಹಾಗೇ ಕೂತರೆ, ಕೈಗೆ ಪುಡಿ ಉದುರಿದರೆ, ಅಂಟಿಸಿದ ಜಾಗ ಬಾಯಿ ಬಿಟ್ಟಿದ್ದರೆ, ಅಂಚು ಗಟ್ಟಿಯಾಗಿದ್ದರೆ, ಎಲ್ಲೇ ಒಂದು ಸಣ್ಣ ಸೀಳು ಕಂಡರೂ ಬಿಸಾಡಿ. ಗೋಂದು ಹಚ್ಚಿ ರಿಪೇರಿ ಮಾಡುವ ಜಾಣತನ ಬೇಡ.

ಬಳಸದೆ ಇಟ್ಟರೂ ಫೋಮ್ ಹಳತಾಗುತ್ತದೆ. ಗಾಳಿಯ ತೇವಕ್ಕೇ ಅದರೊಳಗಿನ ಬಂಧ ಕಡಿದುಕೊಳ್ಳುತ್ತದೆ. ಹಳೆಯ ಸೋಫಾದ ಸ್ಪಂಜು ಪುಡಿಯಾಗುತ್ತದಲ್ಲ, ಹಾಗೆ. ಎರಡು ವರ್ಷ ನಿಂತಿದ್ದ ಬೈಕ್ ಎಬ್ಬಿಸುವವರು ಮೊದಲು ಫಿಲ್ಟರ್ ತೆಗೆಯಬೇಕು. ಆ ಪುಡಿ ನೇರ ಎಂಜಿನ್ನಿಗೆ ಹೋಗುತ್ತದೆ.

ಮಳೆಗಾಲದಲ್ಲಿ ಧೂಳೇ ಇಲ್ಲ, ಆಗಲೂ ನೋಡಬೇಕಾ?

ಧೂಳಿಲ್ಲ, ನೀರಿದೆ. ಮುಳಶಿ, ತಾಮ್ಹಿಣಿ ಕಡೆ ಜುಲೈನಲ್ಲಿ ಹೊಳೆ ಹಳ್ಳ ದಾಟಿ ಬಂದರೆ ಏರ್ ಬಾಕ್ಸಿನ ತಳದಲ್ಲಿ ನೀರು ನಿಂತಿರಬಹುದು. ಅದರ ಕೆಳಗೆ ಒಂದು ಸಣ್ಣ ರಬ್ಬರ್ ಟ್ಯೂಬ್ ಇರುತ್ತದೆ, ತುದಿಯಲ್ಲಿ ಮುಚ್ಚಳ. ತೆಗೆದು ಹರಿಯಲು ಬಿಡಿ. ನೀರು ಬಂದರೆ ಫಿಲ್ಟರ್ ತೆಗೆದು ನೋಡಿ. ಮಳೆಯೇ ಇಲ್ಲದೆ ಅಲ್ಲಿ ಕಪ್ಪು ಎಣ್ಣೆ ಬರುತ್ತಿದ್ದರೆ, ಒಂದೋ ಎಂಜಿನ್ ಎಣ್ಣೆ ಜಾಸ್ತಿ ತುಂಬಿದ್ದೀರಿ, ಇಲ್ಲವೇ ರಿಂಗ್ ಸವೆದು ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಕೊಳವೆ (ಬ್ರೀದರ್) ಆ ಕಡೆ ಎಣ್ಣೆ ತಳ್ಳುತ್ತಿದೆ.

ಬೈಕ್ ಹಳ್ಳದಲ್ಲಿ ಮಗುಚಿ ಬಿದ್ದು ಆಫ್ ಆದರೆ ಬಟನ್ ಒತ್ತಲು ಹೋಗಬೇಡಿ. ಮೊದಲು ಫಿಲ್ಟರ್. ಅದು ನೀರು ಕುಡಿದಿದ್ದರೆ ಸಿಲಿಂಡರಿನಲ್ಲೂ ನೀರಿರಬಹುದು, ಪ್ಲಗ್ ತೆಗೆದು ನೀರು ಹೊರಹಾಕದೆ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಮತ್ತೆ, ವಾಷಿಂಗ್ ಸೆಂಟರಿನಲ್ಲಿ ಪ್ರೆಶರ್ ನೀರನ್ನು ಸೀಟಿನ ಕೆಳಗೆ, ಏರ್ ಬಾಕ್ಸ್ ಕಡೆ ಬಿಡದ ಹಾಗೆ ನಿಂತು ನೋಡಿ. ಹಳ್ಳ ದಾಟುವಾಗ ಹೋಗದ ನೀರು ಅಲ್ಲಿ ಹೋಗುತ್ತದೆ.

ತೊಳೆದು ಬಳಸುವ ಕಾಟನ್ ಫಿಲ್ಟರ್ ಹಾಕಿಸಲಾ?

ಡಾಂಬರಿನಲ್ಲಿ ಜಾಸ್ತಿ ಓಡಿಸುವವರು ಹಾಕಿಸಿ. ನಮ್ಮ ಬೇಸಿಗೆಯ ಧೂಳಿಗೆ ನಾನು ಹಾಕುವುದಿಲ್ಲ.

ಫಿಲ್ಟರ್ ತೆಗೆದು ಹಾಗೇ ಮನೆವರೆಗೆ ಓಡಿಸಿದರೆ?

ಬೇಡ. ಟೆಂಪೋ ಕರೆಯಿರಿ.

ಎರಡು ದಿನದ ರೈಡಿಗೆ ಹೋಗುತ್ತಿದ್ದೇವೆ. ದಾರಿಯಲ್ಲಿ ತೊಳೆಯುವುದು ಹೇಗೆ?

ತೊಳೆಯಬೇಡಿ. ಮನೆಯಲ್ಲೇ ಎಣ್ಣೆ ಹಚ್ಚಿದ ಇನ್ನೊಂದು ಫಿಲ್ಟರನ್ನು ಜಿಪ್ ಕವರಿನಲ್ಲಿ ಹಾಕಿ ಬ್ಯಾಗಿನಲ್ಲಿಡಿ. ಸಂಜೆ ಬದಲಾಯಿಸಿ, ಕೊಳೆಯಾದದ್ದನ್ನು ಅದೇ ಕವರಿಗೆ ಹಾಕಿ ತನ್ನಿ. ಫೋಮ್ ಬೈಕಿಗೆ ಮೂರು ಫಿಲ್ಟರ್ ಇಟ್ಟುಕೊಂಡರೆ ಜೀವನ ಸುಖ. ಒಂದು ಬೈಕಿನಲ್ಲಿ, ಒಂದು ತಯಾರಾಗಿ, ಒಂದು ಬಕೆಟಿನಲ್ಲಿ. ಫಿಲ್ಟರಿನ ಮೇಲೆ ತೊಡಿಸುವ ತೆಳು ಟೋಪಿಯಂಥ ಕವರ್ ಕೂಡ ಬರುತ್ತದೆ. ಅದಕ್ಕೂ ಎಣ್ಣೆ ಹಚ್ಚಿ ಹಾಕಿ, ಮಧ್ಯಾಹ್ನ ಊಟದ ಹೊತ್ತಿಗೆ ಕಿತ್ತರೆ ಒಳಗಿನ ಫಿಲ್ಟರ್ ಅರ್ಧ ದಿನ ಉಳಿದ ಹಾಗೆ. ಅದಕ್ಕಿಂತ ಅಗ್ಗದ ಉಪಾಯ, ಮುಂದಿನ ಬೈಕಿಗೂ ನಿಮಗೂ ನಡುವೆ ಧೂಳು ಕೂರುವಷ್ಟು ಅಂತರ ಬಿಡುವುದು. ನಿಮ್ಮ ಶ್ವಾಸಕೋಶಕ್ಕೂ ಅದೇ ಒಳ್ಳೆಯದು.

ಹಳೆಯ ಬೈಕ್ ಕೊಳ್ಳುವಾಗ ಫಿಲ್ಟರಿನಿಂದ ಏನಾದರೂ ತಿಳಿಯುತ್ತಾ?

ಮಾರುವವನ ಸ್ವಭಾವ ಪೂರ್ತಿ ತಿಳಿಯುತ್ತದೆ. ಬೈಕ್ ಫಳಫಳ ಹೊಳೆಯುತ್ತಿರುತ್ತದೆ. ನೀವು ಸೀಟು ತೆಗೆಯಲು ಕೇಳಿ. ಫಿಲ್ಟರ್ ಹೊಸದಿದ್ದರೂ ಮೋಸ ಹೋಗಬೇಡಿ, ನೆನ್ನೆ ಹಾಕಿರಬಹುದು. ಬೆರಳಿಗೆ ಬಿಳಿ ಕರ್ಚೀಫ್ ಸುತ್ತಿ ಕೊಳವೆಯ ಒಳಗೆ ಒರೆಸಿ. ಅಲ್ಲಿ ಮಣ್ಣಿದ್ದರೆ ಎಂಜಿನ್ ಕೆಲಸದ ಖರ್ಚು ಕಳೆದು ಬೆಲೆ ಹೇಳಿ, ಇಲ್ಲವೇ ಚಹಾ ಕುಡಿದು ಎದ್ದು ಬನ್ನಿ.

ಪುಣೆಯಲ್ಲಿ ಫಿಲ್ಟರ್ ಎಲ್ಲಿ ಸಿಗುತ್ತೆ?

ಎಕ್ಸ್‌ಪಲ್ಸ್, ಹಿಮಾಲಯನ್‌ಗಳಿಗೆ ಆಯಾ ಕಂಪನಿಯ ಸ್ಪೇರ್ ಕೌಂಟರ್. ನಾನಾ ಪೇಠೆಯ ಸ್ಪೇರ್ ಪಾರ್ಟ್ ಅಂಗಡಿಗಳಲ್ಲೂ ಸಿಗುತ್ತದೆ. ಅಲ್ಲಿ ಹಳೆಯ ಫಿಲ್ಟರ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕಂಪನಿಯದಲ್ಲದ್ದು ತಗೊಂಡರೆ ಅಂಚಿನ ರಬ್ಬರ್ ಹೋಲಿಸಿ ನೋಡಿ. ಕಾಗದ ಹೇಗೂ ಇರಲಿ, ಅಂಚು ಸರಿಯಾಗಿ ಕೂರದಿದ್ದರೆ ಆ ದುಡ್ಡು ದಂಡ. ಅಪ್ಪಟ ಡರ್ಟ್ ಬೈಕುಗಳ ಫೋಮ್ ಮತ್ತು ಎಣ್ಣೆ ಸಾಮಾನ್ಯವಾಗಿ ಆನ್‌ಲೈನ್‌ನಲ್ಲೇ ತರಿಸಬೇಕು. ಸೀಸನ್ ಶುರುವಾಗುವ ಮುಂಚೆ ನಾಲ್ಕೈದು ಜನ ಸೇರಿ ತರಿಸಿಕೊಳ್ಳುತ್ತೇವೆ, ಬೇಕಾದವರು ಇಡ್ಲಿ ಹೊತ್ತಿಗೆ ಬಂದು ಹೇಳಿ.

ತೊಳೆದ ಕೊಳಕು ಸೀಮೆಎಣ್ಣೆ ಏನು ಮಾಡಲಿ?

ಬಚ್ಚಲಿಗೆ, ಚರಂಡಿಗೆ ಸುರಿಯಬೇಡಿ. ಅದು ಮುಠಾ ನದಿಗೆ ಹೋಗಿ ಸೇರುತ್ತದೆ, ಅದರ ಗತಿ ಈಗಲೇ ನೋಡುವ ಹಾಗಿಲ್ಲ. ಮುಚ್ಚಳ ಇರುವ ಡಬ್ಬಿಯಲ್ಲಿ ಒಂದು ವಾರ ಇಡಿ. ಮಣ್ಣೆಲ್ಲ ತಳಕ್ಕೆ ಕೂತು ಮೇಲೆ ತಿಳಿ ಎಣ್ಣೆ ನಿಲ್ಲುತ್ತದೆ. ಅದನ್ನು ಬಗ್ಗಿಸಿಕೊಂಡು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಿ. ತಳದ ಕೆಸರನ್ನು ಹಳೆಯ ಎಂಜಿನ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.